ಸೆಪ್ಟೆಂಬರಿನ ಬಿಸಿಲಿಗೆ ಮರಳುವವರು

ಕುವೈತಿನ ನಾಲ್ಕನೇ ಮತ್ತು ಐದನೇ ವರ್ತುಲ ರಸ್ತೆಗಳ ನಡುವೆ ರಾಯ್ ಇದೆ. 2007ರಲ್ಲಿ ಬಾಗಿಲು ತೆರೆದ ಅವೆನ್ಯೂಸ್ ಮಾಲ್ ಇರುವುದು ಇಲ್ಲೇ. ಹಳೇ ಸಾಮಾನಿನಿಂದ ಹಿಡಿದು ಹಕ್ಕಿ, ಗಿಡ, ಜಮಖಾನದವರೆಗೆ ಎಲ್ಲವೂ ಸಿಗುವ ಶುಕ್ರವಾರದ ಸಂತೆಯೂ ಇಲ್ಲೇ. ಅದರಾಚೆ ಗೋದಾಮು, ಪೀಠೋಪಕರಣದ ಮಳಿಗೆ, ವರ್ಕ್‌ಶಾಪುಗಳು. ಇಂಥ ಕಡೆ ದುಡಿಯುವ ಕರಾವಳಿಯ ಕನ್ನಡಿಗರಿಗೆ ವಿದೇಶವೇ ನಿತ್ಯದ ಬದುಕು, ಊರೇ ದೀರ್ಘ ಪ್ರವಾಸ. ಉಡುಪಿಗೋ ಭಟ್ಕಳಕ್ಕೋ ಕಾಸರಗೋಡಿಗೋ ಹೋಗಿ ಒಂದೆರಡು ತಿಂಗಳು ಇದ್ದು ಫರ್ವಾನಿಯಾ, ಖೈತಾನ್, ಅಬ್ಬಾಸಿಯಾದ ರೂಮಿಗೆ ಮರಳುವುದು, ಮರುದಿನ ಡ್ಯೂಟಿಗೆ ಹಾಜರಾಗುವುದು ಇವರ ವಾಡಿಕೆ.

ಮಕ್ಕಳನ್ನು ಕುವೈತಿನ ಭಾರತೀಯ ಶಾಲೆಗಳಲ್ಲಿ ಓದಿಸುವವರ ರಜೆ ಶಾಲೆಯ ಬೇಸಿಗೆ ರಜೆಗೆ ಕಟ್ಟುಬಿದ್ದದ್ದು. ಜೂನಿನಲ್ಲಿ ಹೊರಟವರು ಆಗಸ್ಟ್ ಕೊನೆಗೆ ಮರಳುತ್ತಾರೆ. ಆಗ ಮಂಗಳೂರಿನಲ್ಲಿ ಮಳೆ. ಮಧ್ಯಾಹ್ನದ ಬಿಸಿಲೂ 30 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಕುವೈತಿನಲ್ಲಿ ಸೆಪ್ಟೆಂಬರಿನ ಮೊದಲ ವಾರವೂ 40 ದಾಟಿದ ಕಾವು. ಇದೇ ದೇಶದ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿತ್ತು.

ಕುವೈತ್ ಸರ್ಕಾರ ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವುದನ್ನು ನಿಷೇಧಿಸಿದೆ. ಒಳ್ಳೆಯ ನಿಯಮ. ಆದರೆ ಊರಿನಿಂದ ಬಂದಿಳಿಯುವವನ ಪಾಲಿಗೆ ಅದರ ರಕ್ಷಣೆ ಮುಗಿಯುವುದು ಬೇಕಾದ ಹೊತ್ತಿಗೇ. ಬಿಸಿಲಿಗೆ ಒಗ್ಗಿದ ದೇಹ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಕಳೆದುಕೊಳ್ಳುತ್ತದೆ, ಅದೇ ಕೆಲಸಕ್ಕೆ ಹೃದಯ ಅಷ್ಟು ಜೋರಾಗಿ ಬಡಿದುಕೊಳ್ಳುವುದಿಲ್ಲ. ಈ ಒಗ್ಗಿಕೆ ಶಾಶ್ವತವಲ್ಲ. ಒಂದು ವಾರ ಬಿಸಿಲಿನಿಂದ ದೂರವಿದ್ದರೆ ಕರಗತೊಡಗುತ್ತದೆ. ತಿಂಗಳು ಕಳೆದರೆ ಬಹುಪಾಲು ಹೋಗಿರುತ್ತದೆ. ಹತ್ತು ವರ್ಷದಿಂದ ಇಲ್ಲಿರುವ ಮೇಸ್ತ್ರಿಯೂ ಆ ಮಟ್ಟಿಗೆ ಹೊಸಬನೇ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ ಇದಕ್ಕೊಂದು ಸರಳ ಲೆಕ್ಕ ಹಾಕಿಕೊಟ್ಟಿದೆ. ಅನುಭವವಿದ್ದು ರಜೆಯಿಂದ ಮರಳಿದವನಿಗೆ ಬಿಸಿಲಿನ ಕೆಲಸ ಮೊದಲ ದಿನ ಅರ್ಧದಷ್ಟು, ಎರಡನೇ ದಿನ ಶೇ. 60, ಮೂರನೇ ದಿನ ಶೇ. 80; ನಾಲ್ಕನೇ ದಿನದಿಂದ ಪೂರ್ತಿ. ಆ ಮೂರು ದಿನ ಉಳಿದ ಹೊತ್ತು ಆತನನ್ನು ಗೋದಾಮಿನೊಳಗೆ ಸ್ಟಾಕ್ ಎಣಿಸಲು ಹಚ್ಚಿದರೆ ಕಂಪನಿಗೆ ಆಗುವ ನಷ್ಟ ಏನೂ ಇಲ್ಲ ಎನ್ನುವಷ್ಟು ಕಡಿಮೆ. ಆದರೂ ರಜೆ ಮುಗಿಸಿ ಬಂದವನಿಗೆ ಉಳಿದ ಕೆಲಸವೆಲ್ಲ ಮೊದಲ ದಿನವೇ ತಲೆಗೆ ಬೀಳುವುದು ಸಾಮಾನ್ಯ. ಅವನ ಜಾಗದಲ್ಲಿ ನಿಂತಿದ್ದವನು ತನ್ನ ರಜೆಗೆ ಕಾಯುತ್ತಿರುತ್ತಾನಲ್ಲ!

ನಿದ್ದೆಯ ವಿಷಯ ಅಷ್ಟು ಕಷ್ಟದ್ದಲ್ಲ. ಕುವೈತ್ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ಊರಲ್ಲಿ ಆರೂವರೆಗೆ ಏಳುತ್ತಿದ್ದವನಿಗೆ ಇಲ್ಲಿ ನಾಲ್ಕಕ್ಕೇ ಎಚ್ಚರ, ರಾತ್ರಿ ಎಂಟಾಗುವಷ್ಟರಲ್ಲಿ ತೂಕಡಿಕೆ. ದೇಹದ ಗಡಿಯಾರ 24 ಗಂಟೆಗಿಂತ ತುಸು ಉದ್ದದ್ದಾದ್ದರಿಂದ ಪಶ್ಚಿಮಕ್ಕೆ ಬಂದವರು ಬೇಗ ಹೊಂದಿಕೊಳ್ಳುತ್ತಾರೆ. ಸಂಜೆಯ ಬೆಳಕಿನಲ್ಲಿ ಓಡಾಡಿದರೆ ಎರಡು ಮೂರು ದಿನ ಸಾಕು. ಹೆಚ್ಚು ಕಾಲ ಕಾಡುವುದು ಫೋನಿನ ಹೊತ್ತು. ಡ್ಯೂಟಿ, ಅಡುಗೆ ಮುಗಿಸಿ ಒಂಬತ್ತಕ್ಕೆ ಕರೆ ಮಾಡಿದರೆ ಊರಲ್ಲಿ ಹನ್ನೊಂದೂವರೆ. ನಿನ್ನೆ ಮೊನ್ನೆ ತೊಡೆಯ ಮೇಲೆ ಆಡುತ್ತಿದ್ದ ಮಗು ಆಗಲೇ ಮಲಗಿರುತ್ತದೆ.

ಜೇಬಿನ ಕಥೆಯೇ ಬೇರೆ. ಕುವೈತಿನ 2010ರ ಖಾಸಗಿ ವಲಯದ ಕಾರ್ಮಿಕ ಕಾಯ್ದೆಯ ಪ್ರಕಾರ ವರ್ಷಕ್ಕೆ 30 ದಿನ ಸಂಬಳಸಹಿತ ರಜೆ. ಆ ಸಂಬಳವನ್ನು ಹೊರಡುವ ಮುಂಚೆಯೇ ಕೊಡಬೇಕು. ಹಾಗೆ ಕೈಗೆ ಬಂದ ಹಣ ಊರಿನ ಮದುವೆ, ಮನೆ ರಿಪೇರಿ, ದೇವಸ್ಥಾನದ ಜೀರ್ಣೋದ್ಧಾರ, ಅಕ್ಕನ ಮಕ್ಕಳಿಗೆ ಬಟ್ಟೆ ಎಂದು ಖಾಲಿಯಾಗುತ್ತದೆ. ಮರಳಿದ ಮೇಲೆ ದುಡಿದ ತಿಂಗಳ ಸಂಬಳ ಬರುವುದು ಆ ತಿಂಗಳು ಮುಗಿದ ಮೇಲೆ. ಅಲ್ಲಿಯವರೆಗೆ ರೂಮಿನ ಬಾಡಿಗೆ, ಮೆಸ್ಸಿನ ಪಾಲು, ಬಕಾಲದ (ಕಿರಾಣಿ ಅಂಗಡಿಯ) ಉದ್ರಿ ಕಾಯುತ್ತಿರುತ್ತವೆ. ಹೀಗಾಗಿ ಮರಳಿದವರ ಮಂಕುತನಕ್ಕೆ ಊರಿನ ನೆನಪೊಂದೇ ಕಾರಣ ಎಂದುಕೊಂಡರೆ ಅರ್ಧ ಮಾತ್ರ ತಿಳಿದಂತೆ.

ನೆದರ್ಲೆಂಡ್ಸಿನ ಸಂಶೋಧಕಿ ಯೆಸಿಕಾ ಡ ಬ್ಲೂಮ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸರಾಸರಿ 23 ದಿನ ರಜೆ ಹೋದ 54 ನೌಕರರನ್ನು ಅವರು ಗಮನಿಸಿದ್ದರು. ನೆಮ್ಮದಿ ಎಂಟನೇ ದಿನದ ಹೊತ್ತಿಗೆ ತುದಿ ಮುಟ್ಟಿತು. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಮೊದಲಿನ ಮಟ್ಟಕ್ಕೆ ಇಳಿಯಿತು. ಅವರ ರಜೆ ಬಹುಮಟ್ಟಿಗೆ ವಿರಾಮದ್ದು. ಕೊಲ್ಲಿಯಿಂದ ಊರಿಗೆ ಬರುವವರ ರಜೆಯಲ್ಲಿ ಬ್ಯಾಂಕು, ಜಾಗದ ಕಾಗದಪತ್ರ, ಅಮ್ಮನ ಕಣ್ಣಿನ ಆಪರೇಶನ್, ಮನೆಮನೆಯ ಊಟ. ಎಂಟನೇ ದಿನಕ್ಕೆ ಅವರು ಇನ್ನೂ ತಾಲ್ಲೂಕು ಕಚೇರಿಯ ಸಾಲಿನಲ್ಲಿರುತ್ತಾರೆ.

ಮರಳುವುದೇ ಸಾಧ್ಯವಾಗದ ರಜೆಗಳೂ ಇದ್ದವು. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿದಾಗ ಬೇಸಿಗೆ ರಜೆಯ ಕಾಲ. ಊರಿಗೆ ಹೋಗಿದ್ದವರು ಊರಲ್ಲೇ ಉಳಿದರು. ಕುವೈತಿನಲ್ಲಿದ್ದ ಸುಮಾರು 1.7 ಲಕ್ಷ ಭಾರತೀಯರನ್ನು ಅಮ್ಮಾನ್ ಮೂಲಕ ವಿಮಾನದಲ್ಲಿ ಕರೆತರಲಾಯಿತು. 1991ರ ಫೆಬ್ರವರಿಯಲ್ಲಿ ಕುವೈತ್ ಬಿಡುಗಡೆಯಾದ ಮೇಲೆ ಮರಳಿದವರು ಎಷ್ಟೋ ಕಡೆ ಕೆಲಸ, ಮನೆ, ಬ್ಯಾಂಕ್ ಖಾತೆ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಕುವೈತ್ ತೊರೆಯಬೇಕಾಗಿ ಬಂದವರಿಗೂ ಮರಳಲಾಗದವರಿಗೂ ವಿಶ್ವಸಂಸ್ಥೆಯ ಪರಿಹಾರ ಆಯೋಗ ನಿಗದಿತ ಮೊತ್ತ ಕೊಟ್ಟಿತು. ಒಬ್ಬೊಬ್ಬರಿಗೆ 2,500 ಅಥವಾ 4,000 ಡಾಲರ್.

ಮೂವತ್ತು ವರ್ಷಗಳ ನಂತರ ಕೋವಿಡ್. 2020ರ ಆಗಸ್ಟಿನಲ್ಲಿ ನೇರ ಪ್ರವೇಶ ನಿಷೇಧಿಸಿದ ದೇಶಗಳ ಪಟ್ಟಿಗೆ ಕುವೈತ್ ಭಾರತವನ್ನೂ ಸೇರಿಸಿತು. ದುಡ್ಡಿದ್ದವರು ದುಬೈಯಲ್ಲಿ 14 ದಿನ ಕಳೆದು ಒಳಹೊಕ್ಕರು; ಇಲ್ಲದವರು 2021ರ ಸೆಪ್ಟೆಂಬರಿನಲ್ಲಿ ನೇರ ವಿಮಾನ ಶುರುವಾಗುವವರೆಗೆ ಕಾದರು. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಇಕಾಮಾ (ವಾಸದ ಪರವಾನಗಿ) ರದ್ದಾಗುವ ನಿಯಮ ಆಗ ಸಡಿಲಗೊಂಡಿತ್ತು, ಈಗ ಮತ್ತೆ ಬಿಗಿಯಾಗಿದೆ.

ಎರಡು ವರ್ಷದ ರಜೆಯನ್ನು ಕೂಡಿಸಿಟ್ಟು, ಮಾಲೀಕ ಒಪ್ಪಿದರೆ, ಒಟ್ಟಿಗೆ ತೆಗೆದುಕೊಳ್ಳಲು ಕಾಯ್ದೆ ಅವಕಾಶ ಕೊಡುತ್ತದೆ. ಟಿಕೆಟ್ಟಿನ ಖರ್ಚು ನೋಡುವವರು ಇದನ್ನೇ ಆರಿಸಿಕೊಳ್ಳುತ್ತಾರೆ. ಬಿಸಿಲಿಗೆ ಮತ್ತೆ ಒಗ್ಗುವ ಕಷ್ಟವೂ ಎರಡು ವರ್ಷಕ್ಕೊಮ್ಮೆಯಷ್ಟೇ. 2025ರ ಜುಲೈ 1ರಿಂದ ರಜೆಗೆ ಹೊರಡುವುದಕ್ಕೆ ಇನ್ನೊಂದು ಮೆಟ್ಟಿಲು ಸೇರಿದೆ. ಖಾಸಗಿ ಕಂಪನಿಯ ವಿದೇಶಿ ನೌಕರರು ದೇಶ ಬಿಡುವ ಮುನ್ನ ಮಾಲೀಕನ ಒಪ್ಪಿಗೆಯಿರುವ ಎಕ್ಸಿಟ್ ಪರ್ಮಿಟ್ ಪಡೆಯಬೇಕು, ಅರ್ಜಿ ಸರ್ಕಾರದ ಸಹೆಲ್ ಆ್ಯಪಿನಲ್ಲಿ. ಮುದೀರನ (ಮ್ಯಾನೇಜರನ) ಮುಂದೆ ಬಾಯಿಮಾತಿನಲ್ಲಿ ರಜೆ ಕೇಳುತ್ತಿದ್ದ ಸಣ್ಣ ವರ್ಕ್‌ಶಾಪಿನ ಹುಡುಗರೂ ಈಗ ಹೊರಡುವ ದಿನ, ಮರಳುವ ದಿನ ಎರಡನ್ನೂ ಮೊದಲೇ ಲೆಕ್ಕಹಾಕಿ ಅರ್ಜಿ ತುಂಬುತ್ತಾರೆ.