ಕಿಟಕಿಯೇ ಬಾಗಿಲಾದ ಚರ್ಚು

ಇವತ್ತು ಫಿಲಿಪ್ಪೀನ್ಸ್‌ನ ಪಂಪಾಂಗ ಪ್ರಾಂತ್ಯದ ಬಕೊಲೋರ್ ಊರಿನ ಕಥೆ. ಮದರಾಸಿನಿಂದ ಹೊರಟ ಬ್ರಿಟಿಷ್ ಪಡೆ 1762ರಲ್ಲಿ ಮನಿಲಾ ಹಿಡಿದಾಗ, ಸ್ಪೇನಿನವರು ರಾಜಧಾನಿ ಮಾಡ್ಕೊಂಡ ಊರು ಇದು. ಇಲ್ಲಿನ ಸ್ಯಾನ್ ಗಿಲ್ಲೆರ್ಮೊ ಚರ್ಚಿಗೆ ಈಗ ಜನ ಹೋಗೋದು ಹಳೇ ಕಿಟಕಿಗಳ ಮೂಲಕ. ಬಾಗಿಲುಗಳು ಮಣ್ಣಿನಡಿ ಇವೆ.

ಪಿನಾಟುಬೊ ಜ್ವಾಲಾಮುಖಿ ಸಿಡಿದಿದ್ದು 1991ರ ಜೂನ್ 15ಕ್ಕೆ. ಆದರೆ ಊರು ಹೂತುಹೋಗಿದ್ದು 1995ರ ಅಕ್ಟೋಬರ್ 1ಕ್ಕೆ! ಯಾಕಿಷ್ಟು ತಡ? ಸ್ಫೋಟದ ಬೂದಿ, ಮರಳು ಬೆಟ್ಟದ ಇಳಿಜಾರಲ್ಲೇ ರಾಶಿ ಬಿದ್ದಿತ್ತು. ಜೋರು ಮಳೆ ಬಂದಾಗಲೆಲ್ಲ ಅದು ಕಲಸಿ, ಹಸಿ ಕಾಂಕ್ರೀಟಿನ ಹಾಗೆ ನದಿ ಪಾತ್ರದಲ್ಲಿ ಇಳಿದು ಬರುತ್ತೆ. ಇದಕ್ಕೆ ಲಾಹಾರ್ ಅಂತಾರೆ. ಬಿಕಾಂ ಓದಿದ ನನಗೆ ಇದು ಸಾಲದ ಲೆಕ್ಕದ ಹಾಗೇ ಕಾಣ್ಸುತ್ತೆ: ಸ್ಫೋಟ ಒಂದೇ ದಿನದ್ದು, ಕಂತು ಮಾತ್ರ ಪ್ರತಿ ಮಳೆಗಾಲಕ್ಕೂ. ಆವತ್ತು ಚಂಡಮಾರುತದ ಮಳೆಗೆ ಕಬಲಾಂತಿಯನ್ ಅನ್ನೋ ಬಡಾವಣೆಯಲ್ಲಿ ಮನೆಗಳೇ ಮುಚ್ಚಿಹೋದವು, ತುಂಬ ಜನ ಸತ್ತರು.

ಚರ್ಚು ಸುಮಾರು 6 ಮೀಟರ್, ಅಂದ್ರೆ ಅರ್ಧ ಎತ್ತರದವರೆಗೆ ಹೂತಿತ್ತು. ಬಹಳ ಕುಟುಂಬಗಳು ಪುನರ್ವಸತಿ ಕಾಲೊನಿಗಳಿಗೆ ಹೋದವು. ಉಳಿದವರು, ಆಮೇಲೆ ಮರಳಿದವರು ಬಲಿಪೀಠದ ಹಿಂದಿನ ಕೆತ್ತನೆ ಮಂಟಪವನ್ನ ಅಗೆದು ತೆಗೆದು, ಗುಮ್ಮಟದ ಕೆಳಗೆ ಮತ್ತೆ ನಿಲ್ಲಿಸಿದರು. ಪ್ರಾರ್ಥನೆ ಇವತ್ತಿಗೂ ಅದರ ಮುಂದೇನೇ ನಡೆಯುತ್ತೆ.