ಯಕ್ ಅಂದದ್ದೆಲ್ಲ ಅಲರ್ಜಿಯಲ್ಲ

ಮೈಸೂರಿನ ಕುವೆಂಪುನಗರದಲ್ಲಿ ನಾನು ನಡೆಸುವ ಶಿಶುವಿಹಾರದ ಅರ್ಜಿಯಲ್ಲಿ 'ಮಗುವಿಗೆ ಯಾವುದಾದರೂ ಅಲರ್ಜಿ ಇದೆಯೇ?' ಎಂಬ ಸಾಲಿದೆ. ಅಪ್ಪ ಅಮ್ಮಂದಿರು ಅಲ್ಲಿ ಬರೆಯುವುದನ್ನು ನೋಡಬೇಕು: ಹೀರೇಕಾಯಿ, ಉಪ್ಪಿಟ್ಟು, ಹಾಲಿನ ಕೆನೆ. ಒಬ್ಬರಂತೂ 'ಎಲ್ಲ ಸೊಪ್ಪು' ಎಂದು ಬರೆದಿದ್ದರು. ನಗು ಬರುತ್ತದೆ, ಸರಿ. ಆದರೆ ಇಂಥ ಪಟ್ಟಿಗಳ ನಡುವೆ ನಿಜವಾದ ಅಲರ್ಜಿ ಕಣ್ತಪ್ಪಿ ಹೋಗುತ್ತದೆ ಎಂಬುದು ನನ್ನ ತಕರಾರು.

ನಾಲ್ಕು ವರ್ಷದ ಹುಡುಗನೊಬ್ಬ ಕೇಸರಿಬಾತಿನ ಗೋಡಂಬಿಯನ್ನೆಲ್ಲ ಹೆಕ್ಕಿ ತಟ್ಟೆಯಂಚಿಗೆ ಇಡುತ್ತಿದ್ದ. 'ಪಾಯಸದಲ್ಲೂ ಹೀಗೇ, ಭಾರಿ ನಖರಾ ಇವನದು' ಎಂದು ಅಜ್ಜಿಯ ದೂರು. ಯಾಕೋ ಅಂದರೆ, 'ಬಾಯಿ ಚುಚ್ಚತ್ತೆ ಆಂಟಿ' ಅಂದ. ಬೇಡದ ತಿಂಡಿಗೆ ಮಕ್ಕಳು 'ಯಕ್' ಅನ್ನುತ್ತಾರೆ, 'ಚುಚ್ಚತ್ತೆ' ಅನ್ನುವುದು ಅಪರೂಪ. ತೋರಿಸಿಕೊಂಡು ಬನ್ನಿ ಎಂದು ಹೇಳಿ ಕಳಿಸಿದೆ. ಅಷ್ಟರಲ್ಲೇ ಒಂದು ಮದುವೆಮನೆಯಲ್ಲಿ ಗೋಡಂಬಿ ಅರೆದು ಹಾಕಿದ ಕುರ್ಮಾ ತಿಂದ. ನೋಡನೋಡುತ್ತಿದ್ದಂತೆ ತುಟಿ ಊದಿತು, ಮೈತುಂಬ ದದ್ದು ಎದ್ದಿತು, ವಾಂತಿಯೂ ಆಯಿತು. ಆಸ್ಪತ್ರೆಯಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಇಳಿಯಿತು.

ಆಹಾರದಲ್ಲಿರುವ ಪ್ರೋಟೀನನ್ನೇ ದೇಹದ ರಕ್ಷಣಾ ವ್ಯವಸ್ಥೆ ಶತ್ರು ಎಂದುಕೊಂಡು ಮೇಲೆ ಬೀಳುವುದು ಅಲರ್ಜಿ. ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಗೊತ್ತಾಗುತ್ತದೆ. ಅದೇ ಪದಾರ್ಥಕ್ಕೆ ಮತ್ತೆ ಮತ್ತೆ ಬರುತ್ತದೆ. ಉಸಿರು ಸುಯ್‌ಗುಟ್ಟಿದರೆ, ಮಗು ಜೋತುಬಿದ್ದರೆ ನಿಂಬೆರಸ, ಮಜ್ಜಿಗೆ ಎಂದು ಹೊತ್ತು ಕಳೆಯಬಾರದು. ಹಾಲು ಕುಡಿದು ಹೊಟ್ಟೆ ಉಬ್ಬರಿಸುವುದು ಬೇರೆ ಸಂಗತಿ. ಅದು ಹೆಚ್ಚಾಗಿ ಲ್ಯಾಕ್ಟೋಸ್ ಅರಗದ ತೊಂದರೆ.

ಈಗೀಗ ಕೆಲವರು ರಕ್ತಪರೀಕ್ಷೆಯ ಉದ್ದನೆಯ ವರದಿಯನ್ನೇ ಹಿಡಿದುಕೊಂಡು ಬಂದು ಗೋಧಿ ಬೇಡ, ಕಡಲೆ ಬೇಡ ಅನ್ನುತ್ತಾರೆ. ಕರ್ನಾಟಕದ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಯಾವುದಾದರೂ ಆಹಾರಕ್ಕೆ ರಕ್ತದಲ್ಲಿ ಪ್ರತಿಕಾಯ ಕಂಡದ್ದು ಶೇ. 26.5 ಮಂದಿಗೆ. ತಿಂದಾಗ ತೊಂದರೆಯೂ ಆಗಿ, ಅಲರ್ಜಿ ಇರಬಹುದು ಎನಿಸಿದ್ದು ಶೇ. 1.2 ಮಂದಿಗೆ ಮಾತ್ರ. ವರದಿ ನೋಡಿ ಊಟ ಬಿಡಿಸುವ ಮೊದಲು, ತಿಂದಾಗ ಏನಾಯಿತು ಎಂದು ಕೇಳುವ ವೈದ್ಯರನ್ನು ಹುಡುಕಿ.

ಇನ್ನು ಬರೀ ಒಲ್ಲೆ ಅನ್ನುವ ಮಕ್ಕಳು. ಎರಡರಿಂದ ಆರು ವರ್ಷದೊಳಗೆ ಹೊಸ ರುಚಿಗೆ ಹೆದರುವುದು ಸಹಜ. ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಬಡಿಸಿದ ಮೇಲೆ ನಾಲಿಗೆ ಒಗ್ಗುತ್ತದೆ. ಮೂಗು ಹಿಡಿದು ತುರುಕಿದರೆ ಮಾತ್ರ ಒಗ್ಗುವುದಿಲ್ಲ. ಹೀರೇಕಾಯಿ ಪಲ್ಯ ಕಂಡರೆ ಅಳುವ ಹುಡುಗಿಯೊಬ್ಬಳು ಅದರ ಸಿಪ್ಪೆಯ ಚಟ್ನಿಯನ್ನು ಬೆರಳು ಚೀಪಿ ತಿನ್ನುತ್ತಾಳೆ.

ಹೆದರಿ ದೂರವಿಡುವುದೂ ಪರಿಹಾರವಲ್ಲ. ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಬೇಡ ಎಂದು ಅಮೆರಿಕದ ಮಕ್ಕಳ ವೈದ್ಯರು 2000ದಲ್ಲಿ ಹೇಳಿದ್ದರು. ಆದರೆ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ ಅಂಥದೇ 640 ಕೂಸುಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲ ವರ್ಷದಲ್ಲೇ ಶೇಂಗಾ ತಿನ್ನತೊಡಗಿದವರಿಗೆ ಐದು ವರ್ಷವಾಗುವಾಗ ಅದರ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆಯಾಗಿತ್ತು. ಕೂಸಿಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ನುಣ್ಣಗೆ ಅರೆದು ಕೊಡಬೇಕು. ತೀವ್ರ ಎಕ್ಸಿಮಾ ಇದ್ದರೆ ವೈದ್ಯರನ್ನು ಕೇಳಿಯೇ.

ನಮ್ಮ ಹುಡುಗನಿಗೆ ಈಗ ಗೋಡಂಬಿಯ ಜೊತೆ ಅದರ ನೆಂಟ ಪಿಸ್ತಾವೂ ನಿಷಿದ್ಧ. ಶೇಂಗಾ ತಿನ್ನಬಹುದು ಎಂದು ವೈದ್ಯರು ಪರೀಕ್ಷಿಸಿ ಹೇಳಿದ್ದಾರೆ. ದೋಸೆಗೆ ಶೇಂಗಾ ಚಟ್ನಿಪುಡಿಯನ್ನು ಕೇಳಿ ಕೇಳಿ ಹಾಕಿಸಿಕೊಳ್ಳುತ್ತಾನೆ.