ಗುಹೆಯ ಛಾವಣಿಯಲ್ಲಿ ಪುಟ್ಟ ಬೆರಳುಗಳು

ಕಳೆದ ವರ್ಷ ಅಕ್ಟೋಬರ್ ಕೊನೆಯ ವಾರ. ಫ್ರಾನ್ಸಿನ ಶಾಲೆಗಳಿಗೆ ರಜೆ ಬಿಟ್ಟಿತ್ತು. ತುಲೂಸ್ ನಗರದಲ್ಲಿರುವ ಮಗಳ ಮನೆಗೆ ನಾನು ಹೋಗಿ ಇಳಿದ ದಿನವೇ ಒಂಬತ್ತು ವರ್ಷದ ಮೊಮ್ಮಗಳು ಪುಟ್ಟಿ ತೀರ್ಪು ಕೊಟ್ಟುಬಿಟ್ಟಳು: "ಅಜ್ಜಾ, ಐಫೆಲ್ ಗೋಪುರ ಎಲ್ಲರೂ ನೋಡ್ತಾರೆ. ನಿನಗೆ ನಾನು ಮ್ಯಾಮತ್ ತೋರಿಸ್ತೀನಿ."

ಮ್ಯಾಮತ್ ಅಂದರೆ ಮೈತುಂಬ ಉದ್ದ ಕೂದಲಿದ್ದ, ಈಗ ಭೂಮಿಯ ಮೇಲೆ ಎಲ್ಲೂ ಇಲ್ಲದ ಆನೆಯ ಜಾತಿ. ಅದನ್ನು ತೋರಿಸುವುದು ಹೇಗೆ? "ಇದೆ, ನೂರಕ್ಕೂ ಹೆಚ್ಚು ಇವೆ" ಅಂದಳು ಪುಟ್ಟಿ.

ಮರುದಿನ ಬೆಳಿಗ್ಗೆ ಕಾರಿನಲ್ಲಿ ಹೊರಟು ಸುಮಾರು ಎರಡೂವರೆ ಗಂಟೆಯಲ್ಲಿ ನೈರುತ್ಯ ಫ್ರಾನ್ಸಿನ ದೋರ್ದೋನ್ ಜಿಲ್ಲೆ ಸೇರಿದೆವು. ಅಲ್ಲಿ ವೆಜೇರ್ ಎಂಬ ನದಿ ಹರಿಯುತ್ತದೆ. ಅದರ ದಂಡೆಯ ಪುಟ್ಟ ಹಳ್ಳಿ ಸೇಂ ಲೆಯೋಂ. ಮೂರು ದಿನ ನಾವು ಉಳಿದದ್ದು ಅಲ್ಲೇ, ಒಬ್ಬ ರೈತರ ಮನೆಯ ಮಹಡಿಯಲ್ಲಿ.

ಊರು ಎಷ್ಟು ಚಿಕ್ಕದೆಂದರೆ ಹತ್ತು ನಿಮಿಷದಲ್ಲಿ ಸುತ್ತು ಹಾಕಬಹುದು. ನದಿಗೆ ಅಂಟಿಕೊಂಡಂತೆ 12ನೇ ಶತಮಾನದ ಚರ್ಚು. ಅದರ ಮಾಡಿಗೆ ಹೆಂಚಿಲ್ಲ, ತಗಡಿಲ್ಲ. ತೆಳ್ಳಗಿನ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ಬೀದಿಯ ಬದಿಯಲ್ಲೆಲ್ಲ ಅಕ್ರೋಟಿನ ಮರಗಳು. ಕಾಯಿ ಉದುರುವ ಕಾಲ ಅದು. ಮನೆಯಾಕೆ ಬೆಳಿಗ್ಗೆ ಬ್ರೆಡ್ಡು, ಮೇಕೆ ಹಾಲಿನ ಚೀಸಿನ ಪುಟ್ಟ ಬಿಲ್ಲೆಗಳು, ಅಕ್ರೋಟಿನ ಕೇಕು ಇಟ್ಟರು. ಸಸ್ಯಾಹಾರಿಯಾದ ನಾನು ಮೂರು ದಿನ ಹೊಟ್ಟೆತುಂಬ ಉಂಡೆ.

ಬಂಡೆಯ ಗೋಡೆಯಲ್ಲಿ ಒಂದು ಊರು

ಮೊದಲ ದಿನ ಮಧ್ಯಾಹ್ನ ಹತ್ತಿರದ ಲಾ ರೋಕ್ ಸೇಂ ಕ್ರಿಸ್ತೋಫ್‌ಗೆ ಹೋದೆವು. ನದಿಯ ಮೇಲೆ ನೆಟ್ಟಗೆ ಎದ್ದು ನಿಂತ ಸುಣ್ಣಕಲ್ಲಿನ ಬಂಡೆ ಅದು. ಉದ್ದ ಸುಮಾರು 1 ಕಿಲೋಮೀಟರು, ಎತ್ತರ 80 ಮೀಟರು. ನೀರು, ಹಿಮ ಕೊರೆದು ಕೊರೆದು ಬಂಡೆಯಲ್ಲಿ ಐದು ಅಂತಸ್ತಿನ ಜಗುಲಿಗಳಾಗಿವೆ. ಆದಿಮಾನವರು ಅಲ್ಲಿ ಆಸರೆ ಪಡೆದರು. ಮಧ್ಯಯುಗದಲ್ಲಿ ಅದೇ ಜಗುಲಿಗಳ ಮೇಲೆ ಕೋಟೆ, ಮನೆ, ಚರ್ಚು ಎಲ್ಲ ಎದ್ದವು. 1588ರಲ್ಲಿ, ಫ್ರಾನ್ಸಿನ ಕ್ಯಾಥೊಲಿಕರು ಮತ್ತು ಪ್ರಾಟೆಸ್ಟೆಂಟರ ನಡುವಿನ ಯುದ್ಧದ ಕಾಲದಲ್ಲಿ ಕೋಟೆಯನ್ನು ಕೆಡವಲಾಯಿತು. ಈಗ ಉಳಿದಿರುವುದು ತೊಲೆ ಸಿಕ್ಕಿಸಲು ಕೊರೆದ ತೂತುಗಳು, ಮೆಟ್ಟಿಲುಗಳು, ನೀರು ಹರಿಯುವ ಕಾಲುವೆಗಳು. ಪುಟ್ಟಿ ತೂತುಗಳನ್ನು ಎಣಿಸಿ, "ಇಲ್ಲಿ ಅಡುಗೆಮನೆ, ಇಲ್ಲಿ ಹಸುವಿನ ಕೊಟ್ಟಿಗೆ" ಎಂದು ತಾನೇ ಊರು ಕಟ್ಟಿದಳು.

ನಾಲ್ವರು ಹುಡುಗರು, ಒಬ್ಬ ಮೇಷ್ಟ್ರು

ಎರಡನೆಯ ದಿನ ಮೋಂತಿನ್ಯಾಕ್ ಪಟ್ಟಣದ ಲಾಸ್ಕೋ. ಇದರ ಕಥೆ ಮಕ್ಕಳಿಗೆಂದೇ ನಡೆದಂತಿದೆ. ಕೇಳಿ.

1940ರ ಸೆಪ್ಟೆಂಬರ್ 12. ಎರಡನೆಯ ಮಹಾಯುದ್ಧದ ಕಾಲ. ಮಾರ್ಸೆಲ್ ರವಿದಾ ಎಂಬ ಹುಡುಗ ಮೂವರು ಗೆಳೆಯರನ್ನು ಕರೆದುಕೊಂಡು ಗುಡ್ಡ ಹತ್ತಿದ. ಅಲ್ಲೊಂದು ಮರ ಬಿದ್ದಿದ್ದ ಜಾಗದಲ್ಲಿ ಬಿಲವಿತ್ತು. ಕೆಲವು ದಿನ ಮೊದಲು ಅವನ ನಾಯಿ ರೋಬೋ ಆ ಬಿಲವನ್ನು ಕೆದಕಿತ್ತು ಎನ್ನುತ್ತಾರೆ. ಹುಡುಗರು ಬಿಲವನ್ನು ಅಗಲ ಮಾಡಿ, ಜಾರಿಕೊಂಡು ಒಳಗಿಳಿದು, ದೀಪ ಎತ್ತಿ ಹಿಡಿದರು. ಗೋಡೆಯ ಮೇಲೆ ಹೋರಿಗಳು, ಕುದುರೆಗಳು, ಕವಲುಗೊಂಬಿನ ಜಿಂಕೆಗಳು! ಒಂದು ಹೋರಿಯಂತೂ 5 ಮೀಟರಿಗಿಂತ ಉದ್ದ. ಕೆಮ್ಮಣ್ಣು, ಹಳದಿ ಮಣ್ಣು, ಮ್ಯಾಂಗನೀಸಿನ ಕಪ್ಪು ಬಳಸಿ, ಪ್ರಾಣಿಯ ಕೊಬ್ಬು ಉರಿಸುವ ಕಲ್ಲಿನ ಹಣತೆಯ ಬೆಳಕಿನಲ್ಲಿ ಸುಮಾರು 17,000 ವರ್ಷಗಳ ಹಿಂದೆ ಬರೆದ ಚಿತ್ರಗಳು ಅವು.

ಹುಡುಗರು ಓಡಿ ಹೋಗಿ ಹೇಳಿದ್ದು ಯಾರಿಗೆ ಗೊತ್ತೇ? ತಮ್ಮ ಮೇಷ್ಟ್ರು ಲೆಯೋಂ ಲವಾಲ್ ಅವರಿಗೆ! ಮೂವತ್ತೆರಡು ವರ್ಷ ಶಾಲೆಯಲ್ಲಿ ಪಾಠ ಮಾಡಿದ ನನಗೆ ಇದನ್ನು ಕೇಳಿ ಎದೆ ಉಬ್ಬಿತು. ಮಾರ್ಸೆಲ್ ಮತ್ತು ಅವನ ಗೆಳೆಯ ಜಾಕ್ ಮಾರ್ಸಾಲ್ ಗುಹೆಯ ಬಾಯಿಯಲ್ಲಿ ಡೇರೆ ಹಾಕಿ ಕಾವಲು ಕೂತರು. ಮುಂದೆ ಅವರಿಬ್ಬರೂ ಅದೇ ಗುಹೆಯಲ್ಲಿ ಮಾರ್ಗದರ್ಶಕರಾದರು.

1948ರಲ್ಲಿ ಗುಹೆ ಜನರಿಗೆ ತೆರೆಯಿತು. ದಿನಕ್ಕೆ ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಯಾರೂ ಏನನ್ನೂ ಕದಿಯಲಿಲ್ಲ, ಬರೀ ನೋಡಿ ಹೋದರು. ಆದರೆ ಅವರ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ದೀಪಗಳ ಬೆಳಕು ಎಲ್ಲ ಸೇರಿ ಗೋಡೆಗೆ ಹಸಿರು ಪಾಚಿ ಕಟ್ಟಿತು, ಬಿಳಿ ಪೊರೆ ಬೆಳೆಯತೊಡಗಿತು. 1963ರಲ್ಲಿ ಗುಹೆಯನ್ನು ಮುಚ್ಚಿದರು. ಈಗ ನಾವು ನೋಡುವುದು 2016ರಲ್ಲಿ ಗುಡ್ಡದ ಬುಡದಲ್ಲಿ ತೆರೆದ ಪ್ರತಿಕೃತಿ. ಒಂದೊಂದು ಉಬ್ಬು ತಗ್ಗನ್ನೂ ಅಳೆದು ಮಾಡಿದ್ದಾರೆ.

"ಹಾಗಾದರೆ ಇದು ಸುಳ್ಳು ಗುಹೆಯಾ?" ಪುಟ್ಟಿಯ ಮುಖ ಸಪ್ಪಗಾಯಿತು.

"ನಿಜವಾದದ್ದು ಬದುಕಿರಲಿ ಅಂತ ಮಾಡಿದ್ದು ಮಗಾ" ಅಂದೆ. ಅವಳಿಗೆ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ.

ಹಣೆ ನೆಕ್ಕುವ ಹಿಮಸಾರಂಗ

ಮೂರನೆಯ ದಿನ ಬೆಳಿಗ್ಗೆ ಅವಳ ಆಸೆ ತೀರಿತು. ಲೆಜೆಜಿ ಎಂಬ ಊರಿನ ಪಕ್ಕದ ಫೋಂ ದ ಗೋಮ್ ಗುಹೆಯಲ್ಲಿ ಅಸಲಿ ಬಣ್ಣದ ಚಿತ್ರಗಳನ್ನೇ ನೋಡಬಹುದು. ಆದರೆ ದಿನಕ್ಕೆ ಕೆಲವೇ ಜನರಿಗೆ ಪ್ರವೇಶ. ಈ ಚಿತ್ರಗಳು 1901ರಲ್ಲಿ ಬೆಳಕಿಗೆ ಬಂದವು. ಗುರುತಿಸಿದವರು ಆ ಊರಿನ ಶಾಲಾ ಮೇಷ್ಟ್ರು ದೆನಿ ಪೆಯ್ರೋನಿ. ಮತ್ತೆ ನಮ್ಮ ಜಾತಿಯವರೇ ನೋಡಿ! ಒಳಗೆ ಸಾಲು ಸಾಲು ಕಾಡೆಮ್ಮೆಗಳು. ಒಂದು ಕಡೆ ಮಂಡಿಯೂರಿದ ಹಿಮಸಾರಂಗದ ಹಣೆಯನ್ನು ಇನ್ನೊಂದು ಬಾಗಿ ನೆಕ್ಕುತ್ತಿದೆ. ಬಣ್ಣ ಮಾಸಿದೆ. ಆದರೂ ಮಾರ್ಗದರ್ಶಕಿ ದೀಪವನ್ನು ಓರೆಯಾಗಿ ಹಿಡಿದಾಗ ಆ ಗೆರೆಯ ಮಮತೆ ಎದ್ದು ಕಂಡಿತು.

ಇದೇ ಊರಿನಲ್ಲಿ 1868ರಲ್ಲಿ ರೈಲು ಹಳಿ ಹಾಕುವ ಕೆಲಸದಲ್ಲಿ ಮಣ್ಣು ಅಗೆಯುವಾಗ ಕ್ರೋ-ಮ್ಯಾನ್ಯೋಂ ಎಂಬ ಬಂಡೆಯ ಆಸರೆಯಲ್ಲಿ ಹಳೆಯ ಅಸ್ಥಿಪಂಜರಗಳು ಸಿಕ್ಕವು. ಶಾಲೆಯ ಪುಸ್ತಕದಲ್ಲಿ ಓದುವ 'ಕ್ರೋಮ್ಯಾಗ್ನನ್ ಮಾನವ' ಎಂಬ ಹೆಸರು ಬಂದದ್ದು ಅಲ್ಲಿಂದ. ಲಾಸ್ಕೋ ಸೇರಿ ಈ ಕಣಿವೆಯ 15 ತಾಣಗಳನ್ನು ಯುನೆಸ್ಕೋ 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೊನೆಗೂ ಮ್ಯಾಮತ್

ಮಧ್ಯಾಹ್ನ ರುಫಿನ್ಯಾಕ್ ಗುಹೆ. ಸುರಂಗಗಳೆಲ್ಲ ಸೇರಿ ಉದ್ದ ಸುಮಾರು 8 ಕಿಲೋಮೀಟರು. ಆದ್ದರಿಂದ ಒಳಗೆ ಪುಟ್ಟ ವಿದ್ಯುತ್ ರೈಲಿದೆ! ಕತ್ತಲಲ್ಲಿ ರೈಲು ಮೆಲ್ಲಗೆ ಸಾಗುತ್ತಿದ್ದಂತೆ ನೆಲದಲ್ಲಿ ದೊಡ್ಡ ದೊಡ್ಡ ಗುಳಿಗಳು ಕಂಡವು. ಹಿಂದೆ ಗುಹೆಕರಡಿಗಳು ಚಳಿಗಾಲವಿಡೀ ಮಲಗುತ್ತಿದ್ದ ಹಾಸಿಗೆಗಳಂತೆ ಅವು. ಗೋಡೆಯ ಮೇಲೆ ಅವುಗಳ ಉಗುರಿನ ಗೀರುಗಳಿವೆ.

ರೈಲು ನಿಂತಿತು. ತಲೆ ಎತ್ತಿದರೆ ಛಾವಣಿಯ ತುಂಬ ಮ್ಯಾಮತ್, ಕುದುರೆ, ಕಾಡುಮೇಕೆ, ಖಡ್ಗಮೃಗ. ಆಗ ನೆಲಕ್ಕೂ ಛಾವಣಿಗೂ ನಡುವೆ ಸುಮಾರು 1 ಮೀಟರು ಜಾಗವಿತ್ತಂತೆ. ಚಿತ್ರಕಾರ ಅಂಗಾತ ಮಲಗಿಯೇ ಬರೆದಿರಬೇಕು, ಬರೆದದ್ದನ್ನು ಪೂರ್ತಿಯಾಗಿ ದೂರದಿಂದ ನೋಡಲು ಅವನಿಗೇ ಆಗಿರಲಿಕ್ಕಿಲ್ಲ.

ಆದರೆ ಚಿತ್ರಗಳ ಮೇಲೆ ಬೇರೇನೋ ಕಂಡಿತು. ಹೆಸರುಗಳು! ಇಸವಿಗಳು! ಒಂದೆರಡು ನೂರು ವರ್ಷಗಳ ಹಿಂದೆ ಗುಹೆ ನೋಡಲು ಬಂದವರು ಮೇಣದಬತ್ತಿಯ ಹೊಗೆಯಿಂದ ಮ್ಯಾಮತ್‌ಗಳ ಮೇಲೆಯೇ ತಮ್ಮ ಹೆಸರು ಬರೆದು ಹೋಗಿದ್ದರು. ಇಷ್ಟೆಲ್ಲ ಜನ ಬಂದುಹೋದ ಗುಹೆಯ ಚಿತ್ರಗಳು ನಿಜವಾಗಿ ಆದಿಮಾನವರದು ಎಂದು ವಿದ್ವಾಂಸರು ಸಾರಿದ್ದು 1956ರಲ್ಲಿ.

"ಛೀ, ಯಾರಜ್ಜಾ ಇವರು?" ಪುಟ್ಟಿ ಸಿಟ್ಟಾದಳು.

ನನ್ನ ಬಾಯಿ ಒಣಗಿತು. ಹನ್ನೆರಡನೆಯ ವಯಸ್ಸಿನಲ್ಲಿ ಗಂಗಾವತಿಯ ಹತ್ತಿರದ ಒಂದು ಗುಡ್ಡದಲ್ಲಿ, ಕೆಮ್ಮಣ್ಣಿನಲ್ಲಿ ಬರೆದ ಹಳೆಯ ಜಿಂಕೆಗಳ ಪಕ್ಕ, ಚೂಪುಗಲ್ಲಿನಿಂದ ನನ್ನ ಹೆಸರನ್ನು ಕೆತ್ತಿದ್ದೆ. ಇನಿಶಿಯಲ್ ಸಮೇತ. ಕೊನೆಯ ಅಕ್ಷರದ ಒತ್ತು ಜಿಂಕೆಯ ಕಾಲಿಗೆ ತಾಗಿತ್ತು. ಮೇಷ್ಟ್ರಾದ ಮೇಲೆ ಪ್ರತಿ ವರ್ಷ ಪ್ರವಾಸಕ್ಕೆ ಹೊರಡುವಾಗ "ಗೋಡೆ ಮೇಲೆ ಯಾರೂ ಬರೀಬ್ಯಾಡ್ರಿ" ಎಂದು ಹುಡುಗರಿಗೆ ತಾಕೀತು ಮಾಡುತ್ತಿದ್ದೆ. ನಾನು ಬರೆದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅವತ್ತು ಆ ಪುಟ್ಟ ರೈಲಿನಲ್ಲಿ ಹೇಳಿದೆ.

ಪುಟ್ಟಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಮಾರ್ಗದರ್ಶಕರು ಇನ್ನೊಂದು ವಿಷಯ ಹೇಳಿದರು. ಈ ಗುಹೆಯ ಮೆತ್ತನೆಯ ಗೋಡೆಗಳಲ್ಲಿ ಬೆರಳಿನಿಂದ ಎಳೆದ ಗೆರೆಗಳಿವೆ. ಸಂಶೋಧಕರು ಬೆರಳುಗಳ ಅಗಲ ಅಳೆದು ನೋಡಿದರೆ ಎಷ್ಟೋ ಗೆರೆಗಳು ಚಿಕ್ಕ ಮಕ್ಕಳವು. ಅವರಲ್ಲಿ ಒಬ್ಬಳು ಸುಮಾರು ಐದು ವರ್ಷದ ಹುಡುಗಿ ಎಂಬುದು ಅವರ ಅಂದಾಜು. ಕೆಲವು ಗೆರೆಗಳು ಮಕ್ಕಳ ಕೈಗೆ ಎಟುಕದ ಛಾವಣಿಯಲ್ಲಿವೆ. ಅಂದರೆ ಯಾರೋ ದೊಡ್ಡವರು ಮಗುವನ್ನು ಎತ್ತಿ ಹಿಡಿದಿದ್ದರು.

ಪುಟ್ಟಿ ತಟ್ಟನೆ ಕೇಳಿದಳು: "ಅವಳೂ ಗೋಡೆ ಮೇಲೆ ಗೀಚಿದಳಲ್ಲ ಅಜ್ಜಾ? ಅವಳದು ತಪ್ಪಲ್ಲ, ನಿಂದು ಮಾತ್ರ ತಪ್ಪಾ?"

ಒಳ್ಳೆಯ ಪ್ರಶ್ನೆ. ಉತ್ತರ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ಅವಳು ಖಾಲಿ ಗೋಡೆ ಮೇಲೆ ಗೆರೆ ಎಳೆದಳು ಮಗಾ. ನಾನು ಬೇರೆಯವರ ಚಿತ್ರದ ಮೇಲೆ ಬರೆದೆ. ಅವರು ಬಂದು ತಿದ್ದೋ ಹಾಗಿಲ್ಲ, ನಾನು ಅಳಿಸೋ ಹಾಗಿಲ್ಲ" ಅಂದೆ.

ಅಳಿಸುವ ಹಾಗಿಲ್ಲ ಎಂದದ್ದು ನಿಜ. ಉಜ್ಜಿದರೆ ಬಂಡೆಯ ಜೊತೆ ಜಿಂಕೆಯೂ ಹೋಗುತ್ತದೆ.

ರಾತ್ರಿ ಸೇಂ ಲೆಯೋಂ ಮನೆಯಲ್ಲಿ ಪುಟ್ಟಿ ನೋಟುಬುಕ್ಕಿನಲ್ಲಿ ಮ್ಯಾಮತ್ ಬರೆದಳು. ಕೆಳಗೆ ತನ್ನ ಹೆಸರು ಬರೆದು, ಪಕ್ಕದಲ್ಲಿ ನನಗೂ ಜಾಗ ಬಿಟ್ಟು ಪೆನ್ನು ಕೊಟ್ಟಳು. ಬೇಸಿಗೆ ರಜೆಗೆ ಊರಿಗೆ ಬಂದಾಗ ಆ ಗುಡ್ಡ ಹತ್ತಬೇಕಂತೆ, ಜಿಂಕೆಯ ಕಾಲು ನೋಡಬೇಕಂತೆ. ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಹೋಗುವವರಿಗೆ: ಲೆಜೆಜಿ ಊರಿಗೆ ರೈಲು ನಿಲ್ದಾಣವಿದೆ, ಆದರೆ ಗುಹೆಯಿಂದ ಗುಹೆಗೆ ಹೋಗಲು ಕಾರಿದ್ದರೆ ಅನುಕೂಲ. ಫೋಂ ದ ಗೋಮ್ ಟಿಕೆಟಿನ ವಿಚಾರವನ್ನು ಮೊದಲೇ ವಿಚಾರಿಸಿಕೊಳ್ಳಿ. ಬೇಸಿಗೆಯಲ್ಲೂ ಗುಹೆಯೊಳಗೆ ತಣ್ಣಗಿರುತ್ತದೆ, ಅಜ್ಜ ಅಜ್ಜಿಯರು ಸ್ವೆಟರ್ ಮರೆಯಬೇಡಿ. ರುಫಿನ್ಯಾಕ್‌ನಲ್ಲಿ ಫೋಟೋ ತೆಗೆಯುವಂತಿಲ್ಲ. ಗೋಡೆಯಿಂದ ಕೈ ದೂರವಿರಲಿ.